ನಮ್ಮ ಕಾಕಾನ ಬದನೆ ಗಿಡಗಳೂ ನಾಗಪುರದ ಥಂಡಿಯೂ

ನಮ್ಮ ಕಾಕಾ ಜೀವಮಾನದಲ್ಲಿ ಯಾರ ಮಾತನ್ನೂ ಕೇಳಿದವರಲ್ಲ ಎಂದು ಬಳಗದವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬದನೆ ಗಿಡ ಹೇಳಿದ್ದನ್ನು ಅವರು ಒಂದು ದಿನವೂ ಕೇಳದೆ ಬಿಟ್ಟವರಲ್ಲ! ಹೆಂಡತಿ ಹತ್ತು ಸಲ ಕೂಗಿದರೂ ಕುರ್ಚಿಯಿಂದ ಏಳದ ಮನುಷ್ಯ, ಹಿತ್ತಲಲ್ಲಿ ಒಂದು ಎಲೆ ಸೊರಗಿ ಬಾಗಿದ್ದು ಕಂಡರೆ ಉಣ್ಣುವ ತಾಟು ಬಿಟ್ಟು ಎದ್ದು ಓಡುತ್ತಿದ್ದರು.

"ಏನಂತ ಅದಕ್ಕ?" ಎಂದು ಚಿಗವ್ವ ಕೇಳುವಳು.

"ನೀರು ಕೇಳ್ತು."

"ನಾನೂ ಮುಂಜಾನಿಂದ ಜೋಳಾ ಬೀಸಿಸಿಕೊಂಡು ಬರ್ರಿ ಅಂತ ಕೇಳಾಕತ್ತೀನಿ. ನಾನೂ ಎರಡು ಎಲಿ ಹಚ್ಚಿಕೊಂಡು ನಿಂದ್ರಲೇನು?"

ಕಾಕಾ ಎಂದರೆ ನನ್ನ ಅಪ್ಪನ ತಮ್ಮ, ಚಿಗವ್ವ ಅವರ ಹೆಂಡತಿ. ಅಪ್ಪ ಅವ್ವ ಇಬ್ಬರೂ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡದ್ದರಿಂದ, ಮಕ್ಕಳಿಲ್ಲದ ಇವರಿಬ್ಬರೇ ನನ್ನನ್ನು ಸಾಕಿದವರು. ಕಾಕಾನಿಗೆ ರೈಲ್ವೆಯ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತಿಕೆ. ಧಾರವಾಡದ ಕಡೆ ಸುಖವಾಗಿದ್ದವರಿಗೆ ನಾಗಪುರಕ್ಕೆ ವರ್ಗವಾಯಿತು. ಆಗ ನಾಗಪುರ ಇನ್ನೂ ಮಧ್ಯಪ್ರದೇಶದ ರಾಜಧಾನಿ. ಅಲ್ಲಿನ ಅಜನಿ ಎಂಬಲ್ಲಿ ನಮಗೆ ಸಿಕ್ಕ ಕ್ವಾರ್ಟರ್ಸಿಗೆ ಎರಡು ಕೋಣೆ, ಒಂದು ಪಡಸಾಲೆ. ಹಿಂದುಗಡೆ ಮಾತ್ರ ನಾಲೆಯ ತನಕ ಇಳಿಜಾರಾದ ದೊಡ್ಡ ಹಿತ್ತಲು. ಬಂದ ದಿನ ಚಿಗವ್ವ ಒಲೆ ಎಲ್ಲಿ ಹೂಡುವುದು ಎಂದು ನೋಡಿದಳು. ಕಾಕಾ ಮನೆಯೊಳಗೆ ಬರಲೇ ಇಲ್ಲ. ಚಪ್ಪಲಿ ಬಿಚ್ಚಿ ನೇರ ಹಿತ್ತಲಿಗೆ ಹೋಗಿ, ಒಂದು ಹಿಡಿ ಮಣ್ಣು ತೆಗೆದು ಮೂಸಿ, "ಮಣ್ಣು ಚಲೋ ಐತಿ" ಎಂದು ಘೋಷಿಸಿದರು. ಮನೆ ಸೋರುತ್ತದೆಯೋ ಇಲ್ಲವೋ ಎಂಬುದು ಅವರಿಗೆ ಮೊದಲ ಮಳೆಗಾಲದವರೆಗೂ ಗೊತ್ತಿರಲಿಲ್ಲ!

ಊರಿಂದ ಬರುವಾಗ ನಾವು ತಂದ ಸಾಮಾನಿನಲ್ಲಿ ಅತ್ಯಂತ ಜೋಪಾನವಾಗಿ ಬಂದದ್ದು ಪೂಜೆಯ ಬೆಳ್ಳಿ ಪಂಚಪಾಳವೂ ಅಲ್ಲ, ಚಿಗವ್ವನ ಬಂಗಾರದ ಬೋರಮಾಳವೂ ಅಲ್ಲ. ಕಾಕಾನ ಧೋತರದ ಚುಂಗಿನಲ್ಲಿ ಗಂಟು ಕಟ್ಟಿದ್ದ ನಮ್ಮ ಕಡೆಯ ಮುಳ್ಳುಬದನೆಯ ಬೀಜ. ನಾಗಪುರದ ಬದನೆಕಾಯಿ ನೋಡಿದ್ದೀರಾ? ಒಂದೊಂದೂ ಕೂಸಿನ ತಲೆಯಷ್ಟು! ಸುಟ್ಟು ಜಜ್ಜಿ ಭರ್ತಾ ಮಾಡಲು ಅದೇ ಸರಿ, ನಾನು ಇಲ್ಲವೆನ್ನುವುದಿಲ್ಲ. ಆದರೆ ನಾಲ್ಕು ಸೀಳು ಹಾಕಿ, ಗುರೆಳ್ಳು ಶೇಂಗಾ ತುಂಬಿ ಎಣ್ಣೆಗಾಯಿ ಮಾಡುವುದಾದರೆ ಅದನ್ನು ಯಾವ ಬೋಗುಣಿಯಲ್ಲಿ ಇಡುವುದು, ಹಂಡೆಯಲ್ಲೇ?

ಮೊದಲ ವರ್ಷ ಕಾಕಾ ಧಾರವಾಡದ ಲೆಕ್ಕದಂತೆಯೇ ರೋಹಿಣಿ ಮಳೆಗೆ ಬೀಜ ಹಾಕಿದರು. ನಮ್ಮ ಕಡೆ ರೋಹಿಣಿ ಎಂದರೆ ಗುಡುಗು, ಮಣ್ಣಿನ ವಾಸನೆ, ಬಿತ್ತನೆ. ನಾಗಪುರದಲ್ಲಿ ರೋಹಿಣಿ ಎಂದರೆ ನೌತಪಾ. ಸೂರ್ಯ ಆ ನಕ್ಷತ್ರಕ್ಕೆ ಬಂದನೆಂದರೆ ವರ್ಷದ ಸುಡು ಸುಡು ದಿನಗಳು ಶುರು. ಕಾಗೆ ಕೂಡ ಹಾರುವುದಿಲ್ಲ. ಕಾಕಾ ಮಾತ್ರ ತಲೆಗೆ ಟವೆಲ್ ಸುತ್ತಿಕೊಂಡು, ಪಂಚಾಂಗ ಹಿಡಿದು, ಆಕಾಶದ ಕಡೆ ನೋಡುತ್ತ ನಿಂತರು.

"ಪಂಚಾಂಗ ಅದ ಐತಿ, ರೋಹಿಣಿ ಅದ ಐತಿ, ಸೂರ್ಯ ಅದ ಅದಾನ. ಮಳಿ ಒಂದು ಎಲ್ಲಿ ಹೋತು?"

"ಅದಕ್ಕ ವರ್ಗ ಆಗಿಲ್ಲ ಕಾಣಸ್ತೈತಿ" ಎಂದಳು ಚಿಗವ್ವ.

ಬೀಜ ಮಣ್ಣಿನಲ್ಲೇ ಹುರಿದುಹೋಯಿತು. ಮರುವರ್ಷ ಬುದ್ಧಿ ಬಂತೇ? ಬಂತು, ಆದರೆ ಬೇರೆ ದಾರಿಯಿಂದ ಬಂತು. ಬೇಸಿಗೆಯಲ್ಲಿ ನಾಗಪುರದವರು ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಾರೆ. ಬಿಸಿಗಾಳಿ ಅದರಲ್ಲಿ ಹಾದು ತಂಪಾಗಿ ಒಳಗೆ ಬರುತ್ತದೆ. ನಮ್ಮ ಮನೆಗೂ ಒಂದು ತಟ್ಟಿ ಬಂತು. ಬಂದದ್ದು ಬಂತು, ಕಿಟಕಿಗೆ ಏರಲಿಲ್ಲ! ಹಿತ್ತಲಿಗೆ ಹೋಗಿ ಬದನೆ ಸಸಿಗಳ ಪಶ್ಚಿಮಕ್ಕೆ ನಿಂತಿತು. ನಾನೂ ಚಿಗವ್ವನೂ ಒಳಗೆ ಒದ್ದೆ ಸೀರೆ ಸುತ್ತಿಕೊಂಡು ಬೇಯುತ್ತಿದ್ದರೆ, ಹೊರಗೆ ಬದನೆ ಸಸಿಗಳು ಲಾವಂಚದ ಘಮಘಮದಲ್ಲಿ ಮೈಸೂರು ಅರಮನೆಯವರಂತೆ ತಂಪಾಗಿ ನಿಂತಿದ್ದವು.

ಇಷ್ಟು ಬೇಸಿಗೆಯ ಕಥೆ. ಚಳಿಗಾಲದ್ದು ಇದರ ಅಪ್ಪ.

ನಮ್ಮ ಮಗ್ಗುಲ ಮನೆಯಲ್ಲಿ ಒಬ್ಬ ಗಾರ್ಡ್ ಸಾಹೇಬರಿದ್ದರು. ಹಿಂದಿಯವರು, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ದನಿ. ಒಂದು ಡಿಸೆಂಬರಿನಲ್ಲಿ ಅವರು ಗೋಡೆಗೆ ಸುಣ್ಣ ಬಳಿಸಿದರು. ಮರುದಿನ ಬೆಳಿಗ್ಗೆ ಕಾಕಾ ಹಿತ್ತಲಿಗೆ ಹೋಗಿ ನೋಡುತ್ತಾರೆ, ನಾಲೆಯ ಕಡೆಯ ಬದನೆ ಎಲೆಗಳ ಮೇಲೆಲ್ಲ ಬೆಳ್ಳಗೆ ಪುಡಿ! ಕಾಕಾನ ಪಿತ್ತ ನೆತ್ತಿಗೇರಿತು. ಬೇಲಿಯ ಹತ್ತಿರ ನಿಂತು, ತಮಗೆ ಬರುವ ಹಿಂದಿ, ಬಾರದ ಹಿಂದಿ ಎರಡನ್ನೂ ಸೇರಿಸಿ ಕೂಗಾಡಿದರು: "ತುಮಾರಾ ಸುಣ್ಣಾ ಹಮಾರಾ ಬದನಿಕಾಯಿ ಪರ್ ಕಾಯ್ಕು ಡಾಲ್ಯಾ?"

ಗಾರ್ಡ್ ಸಾಹೇಬರು ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಓಡಿಬಂದರು. ಇವರು ಬಯ್ಯುವುದು, ಅವರು ಅರ್ಥವಾಗದೆ ಮೀಸೆ ತಿರುವುವುದು, ಇದರಲ್ಲೇ ಬಿಸಿಲು ಬಂತು. "ದೇಖೋ!" ಎಂದು ಕಾಕಾ ಎಲೆಯತ್ತ ಕೈ ತೋರಿಸಿದರೆ, ಎಲೆಯ ಮೇಲೆ ಎರಡು ಹನಿ ನೀರು! ಸಾಕ್ಷಿ ಕರಗಿಹೋಗಿತ್ತು. ಕಾಕಾ ಎಲೆ ಮುಟ್ಟಿದರು, ಮೂಸಿದರು, ನೆಕ್ಕಿಯೂ ನೋಡಿದರು.

ಗಾರ್ಡ್ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅರೆ ಭಾಯೀಸಾಬ್, ಯೇ ಚೂನಾ ನಹೀ, ಪಾಲಾ ಹೈ ಪಾಲಾ!"

ಚೂನಾ ಎಂದರೆ ಸುಣ್ಣ, ಪಾಲಾ ಎಂದರೆ ಥಂಡಿಗೆ ಎಲೆಯ ಮೇಲೆ ಗಟ್ಟಿಯಾಗಿ ಕೂರುವ ಮಂಜು. ನಾಗಪುರದಲ್ಲಿ ಅದೂ ಅಪರೂಪವಂತೆ. ನಮ್ಮದು ತಗ್ಗು, ನಾಲೆಯ ದಂಡೆ, ಹಾಗಾಗಿ ನಮಗೆ ಮಾತ್ರ ಆ ಭಾಗ್ಯ. ಧಾರವಾಡದವರಿಗೆ ಅದೇನು ಗೊತ್ತು ಹೇಳಿ? ನಾವು ಕಂಡ ಥಂಡಿ ಎಂದರೆ ಒಂದು ಶಾಲಿನ ಥಂಡಿ. ಮಧ್ಯಾಹ್ನದ ಹೊತ್ತಿಗೆ ಆ ಗಿಡಗಳು ಬಿಸಿನೀರಲ್ಲಿ ಅದ್ದಿ ತೆಗೆದಂತೆ ಕಪ್ಪಾಗಿ ಜೋತುಬಿದ್ದವು. ಕಾಕಾ ಆ ದಿನ ಉಣ್ಣಲಿಲ್ಲ. ಸಂಜೆ ಹೋಗಿ ಗಾರ್ಡ್ ಸಾಹೇಬರ ಕ್ಷಮೆ ಕೇಳಿ, ಪಾಲಾ ಎಂದರೇನು, ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ ಎಂದು ಅವರ ಜೀವ ತಿಂದು ಬಂದರು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ತಲೆಗೂದಲಿನ ಗ್ರಹಚಾರ!

ಥಂಡಿ ಅಳೆಯಲು ಕಾಕಾ ಕಂಡುಹಿಡಿದ ಯಂತ್ರವೆಂದರೆ ಚಿಗವ್ವನ ಕೊಬ್ಬರಿ ಎಣ್ಣೆಯ ಬಾಟಲಿ. ಅಗಲ ಬಾಯಿಯ ಆ ಬಾಟಲಿ ಹಿತ್ತಲ ಕಟ್ಟೆಯ ಮೇಲೆ ಹೋಗಿ ಕೂತಿತು. ಸಂಜೆಯಾದೊಡನೆ ಕಾಕಾ ಗಟ್ಟಿಯಾದ ಎಣ್ಣೆಗೆ ಬೆಂಕಿಕಡ್ಡಿ ಚುಚ್ಚುವರು. ಕಡ್ಡಿ ಸಲೀಸಾಗಿ ಇಳಿದರೆ ಹೆದರಿಕೆ ಇಲ್ಲ. ಅರ್ಧಕ್ಕೆ ನಿಂತರೆ ಎಚ್ಚರಿಕೆ. ಕಡ್ಡಿ ಪಟ್ಟೆಂದು ಮುರಿದರೆ, ಮುಗಿಯಿತು, ಅಂದು ಪಾಲಾ! ಬಾಟಲಿಯನ್ನು ಯಾರೂ ಮುಟ್ಟುವಂತಿಲ್ಲ, ಸರಿಸುವಂತಿಲ್ಲ, ಎಣ್ಣೆ ತಲೆಗೆ ಹಚ್ಚಿಕೊಳ್ಳುವುದಂತೂ ದೂರದ ಮಾತು. ಒಮ್ಮೆ ನಾನು ಎರೆದುಕೊಳ್ಳುವ ದಿನ ಚಿಗವ್ವ ಮೆಲ್ಲಗೆ ಬಾಟಲಿಯನ್ನು ಬಿಸಿಲಿಗಿಟ್ಟು ಒಂದಿಷ್ಟು ಕರಗಿಸಿ ನನ್ನ ನೆತ್ತಿಗೆ ತಟ್ಟಿದಳು. ಆಫೀಸಿನಿಂದ ಬಂದ ಕಾಕಾ ಕಡ್ಡಿ ಚುಚ್ಚಿ ನೋಡಿ ಹೌಹಾರಿದರು.

"ಯಾರು? ಯಾರು ನನ್ನ ಹವಾಮಾನ ಕರಗಿಸಿದಾರ?"

"ನಿಮ್ಮ ಹವಾಮಾನ ಹುಡುಗಿ ತಲಿಮ್ಯಾಲೆ ಐತಿ. ಅಲ್ಲೇ ಚುಚ್ಚಿ ನೋಡ್ರಿ!" ಎಂದು ಚಿಗವ್ವ ಒಳಗಿಂದ ಕೂಗಿದಳು.

ಇದು ಸಾಲದೆಂದು ಇನ್ನೊಂದು ಉಪಾಯವಿತ್ತು. ಉತ್ತರದ ಥಂಡಿ ಬರುವುದು ಇಟಾರ್ಸಿ, ಬೈತೂಲದ ಕಡೆಯಿಂದ; ಆ ಕಡೆಯ ಗಾಡಿಗಳೂ ಕಾಕಾನ ಪಾರ್ಸಲ್ ಆಫೀಸಿನ ಮುಂದೆಯೇ ಬಂದು ನಿಲ್ಲುತ್ತಿದ್ದವು. ಗಾಡಿ ನಿಂತೊಡನೆ ಕಾಕಾ ಪಾರ್ಸಲ್ ಎಣಿಸುವುದು ಬಿಟ್ಟು ಡಬ್ಬಿಯ ಕಬ್ಬಿಣದ ಹಿಡಿಕೆ ಮುಟ್ಟಿ ನೋಡುವರು. ಇಳಿದವರನ್ನೆಲ್ಲ ಹಿಡಿದು "ಬೈತೂಲ್ ಮೇ ಥಂಡಿ ಕೈಸಾ ಥಾ?" ಎಂದು ಕೇಳುವರು. ಹೊದ್ದುಕೊಂಡು ನಡುಗುತ್ತಿದ್ದವರು ಕಂಡರೆ ಇವರ ಮುಖ ಬಾಡುವುದು. ಮನೆಗೆ ಬಂದು ಸೈಕಲ್ ನಿಲ್ಲಿಸುವ ಮೊದಲೇ ಸುದ್ದಿ: "ಥಂಡಿ ಬೈತೂಲ ಬಿಟ್ಟೈತಿ. ಲೇಟ್ ಇಲ್ಲ, ಬರೋಬರ್ ಟೈಮಿಗೆ ಬರಾಕತ್ತೈತಿ!"

ಆಮೇಲೆ ಮನೆಯ ಕಂಬಳಿ, ರಜಾಯಿ, ಚಾದರ ಎಲ್ಲ ಹಿತ್ತಲಿಗೆ. ನಾಲ್ಕು ಕೋಲು ನೆಟ್ಟು, ಎಲೆಗೆ ತಾಕದಂತೆ ಮೇಲೆ ಹೊದೆಸಿ, ಅಂಚಿಗೆ ಇಟ್ಟಿಗೆ ಇಡುವ ಅವರ ನಾಜೂಕು ನೋಡಬೇಕಿತ್ತು! ನಾನೂ ಚಿಗವ್ವನೂ ಜಮಖಾನೆ ಹೊದ್ದು, ಕಾಲಿಗೆ ಗೋಣಿಚೀಲ ಸುತ್ತಿಕೊಂಡು ಮಲಗುವೆವು. ಒಮ್ಮೆ ನನಗೆ ಕೆಮ್ಮು ಬಂತು. ಕಾಕಾ ಗಾಬರಿಯಾಗಿ ಎದ್ದು ಬಂದು ತಮ್ಮ ಕೋಟನ್ನು ನನಗೆ ಹೊದಿಸಿದರು. "ಒಂದು ಕಂಬಳಿ ತಂದು ಕೊಡ್ರಿ" ಎಂದು ಚಿಗವ್ವ ಅಂದರೆ, "ಕೂಸು ಕೆಮ್ಮಿ ಹೇಳ್ತೈತಿ, ಗಿಡಕ್ಕ ಕೆಮ್ಮಾಕ ಬರತೈತೇನು?" ಎಂದರು.

ಅಂತೂ ಇಂತೂ ನನಗೆ ಲಗ್ನದ ವಯಸ್ಸಾಯಿತು. ಗದಗಿನ ಕಡೆಯ ಒಂದು ಸಂಬಂಧ ಕೂಡಿಬಂತು. ಹುಡುಗ ಹೈಸ್ಕೂಲು ಮಾಸ್ತರ. ಹುಡುಗನ ತಂದೆ ಮಾತುಕತೆಗೆಂದು ನಾಗಪುರಕ್ಕೇ ಬಂದರು. ಎಲೆ ಅಡಿಕೆ ತಟ್ಟೆಯ ಮುಂದೆ ಕೂತು, "ಸಂಕ್ರಾಂತಿ ಮುಗದ ಕೂಡಲೆ ಒಂದು ಚಲೋ ಮುಹೂರ್ತ ಐತ್ರಿ" ಎಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

ಕಾಕಾ ಬೆರಳು ಮಡಚಿ ಎಣಿಸಿ, ತಲೆ ಅಲ್ಲಾಡಿಸಿದರು. "ಆಗಂಗಿಲ್ರಿ."

"ಯಾಕ್ರಿ? ಹುಡುಗಿದು ಏನರ ಅಡಚಣಿ ಐತೇನು?"

"ಹುಡುಗಿದು ಏನೂ ಇಲ್ರಿ. ಹುಡುಗಿ ಯಾವಾಗಂದ್ರೂ ತಯಾರ. ಬದನಿಕಾಯಿ ತಯಾರ ಇರಂಗಿಲ್ಲ!"

ಚಿಗವ್ವ ಹಣೆ ಚಚ್ಚಿಕೊಂಡಳು. ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಕಾಕಾ ಮಾತ್ರ ಬೀಗರಾಗುವವರಿಗೆ ಸಾವಕಾಶವಾಗಿ ತಿಳಿಸಿ ಹೇಳತೊಡಗಿದರು. ಈಗ ಸಸಿ ಹಚ್ಚಬೇಕು. ಸಂಕ್ರಾಂತಿಯ ಥಂಡಿಯಲ್ಲಿ ಕಾಯಿ ಹಿಗ್ಗುವುದಿಲ್ಲ. ಇನ್ನೊಂದು ಹದಿನೈದು ದಿನ ತಡೆದರೆ ಥಂಡಿಯೂ ಹೋಗಿರುತ್ತದೆ, ಎಳೆಯ ಕಾಯಿಯೂ ಸಿಗುತ್ತದೆ. "ನಮ್ಮಣ್ಣನ ಮಗಳ ಲಗ್ನರಿ. ಅಣ್ಣಾ ಇದ್ದಿದ್ರ ಊರಾಗ ಮಾಡತಿದ್ದ, ಹೊಲದಿಂದ ಗಾಡಿಗಟ್ಟಲೆ ಕಾಯಿಪಲ್ಯ ಬರ್ತಿತ್ತು. ನಾ ಪರದೇಶದಾಗ ಅದೀನಿ. ಎಣ್ಣಿಗಾಯಿ ಒಂದರ ನಮ್ಮ ಬೀಜದ್ದು, ನನ್ನ ಕೈಯಿಂದ ಬೆಳದದ್ದು ನಿಮ್ಮ ಎಲಿಗೆ ಬೀಳಬೇಕು."

ಹುಡುಗನ ತಂದೆ ಒಳ್ಳೆಯವರು. ನಕ್ಕು, "ಆತ್ರಿ, ಎಣ್ಣಿಗಾಯಿ ಸಲುವಾಗಿ ಹದಿನೈದು ದಿನ ಕಾಯೂಣು" ಎಂದರು. ಹೀಗೆ ಬದನೆ ಗಿಡದ ಅನುಕೂಲ ನೋಡಿ ಮುಹೂರ್ತ ಇಟ್ಟ ಲಗ್ನ ಭರತಖಂಡದಲ್ಲಿ ನನ್ನದೊಂದೇ ಇರಬೇಕು!

ಆದರೆ ಚಿಗವ್ವನಿಗೆ ನಗು ಬರಲಿಲ್ಲ. ನಮ್ಮ ಕಡೆಯ ಲಗ್ನದಲ್ಲಿ ಬೀಗರಿಗೆ ಒಂದು ಕೂದಲೆಳೆಯಷ್ಟು ಕಡಿಮೆಯಾದರೂ ಸಾಕು, ಅದನ್ನು ಸೊಸೆಯಾದವಳು ಜೀವವಿರುವ ತನಕ ಕೇಳಬೇಕು. ಚಿಗವ್ವನ ಲಗ್ನದಲ್ಲಿ ಗಂಡಿನ ಕಡೆಯವರಿಗೆ ಜಳಕದ ಬಿಸಿನೀರು ಒಂದಿಷ್ಟು ತಡವಾಗಿತ್ತಂತೆ. ಅಷ್ಟೇ! ಅವಳ ಅತ್ತೆ, ಎಂದರೆ ನನ್ನ ಅಜ್ಜಿ, ಪ್ರತಿ ಹಬ್ಬದಲ್ಲಿ, ಪ್ರತಿ ಬಿಸಿನೀರಿನ ಹಂಡೆಯ ಮುಂದೆ, ಕಣ್ಣು ಮುಚ್ಚುವವರೆಗೂ ಅದನ್ನು ಹೇಳಿದಳು. ಚಿಗವ್ವ ಅಡಿಗೆ ಮನೆಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುವಳು. ಕಾಕಾ ತಾಯಿಗೆ ಎದುರಾಡಲಾರದೆ ಹಿತ್ತಲಿಗೆ ಹೋಗಿಬಿಡುವರು. ಅವರಿಗೆ ತೋಟದ ಹುಚ್ಚು ಹಿಡಿದದ್ದೇ ಆಗ ಎಂದು ಚಿಗವ್ವ ಹೇಳುತ್ತಿದ್ದಳು.

ಆ ಚಳಿಗಾಲ ಕಾಕಾ ಹಿತ್ತಲನ್ನು ನೋಡಿಕೊಂಡಂತೆ ಹಸುಗೂಸಿನ ತಾಯಿಯೂ ನೋಡಿಕೊಳ್ಳಲಾರಳು. ಆಫೀಸಿಗೆ ಹೋಗುವಾಗ ಬೇಲಿಯ ತನಕ ಹೋಗಿ ಗಿಡಗಳಿಗೆ "ಬರ್ತೀನಿ" ಎಂದು ಹೇಳಿಹೋಗುತ್ತಿದ್ದರು. ನಮಗೆ ಹೇಳುತ್ತಿರಲಿಲ್ಲ! ಸಂಕ್ರಾಂತಿ ದಾಟಿತು. ಹೂ ಉದುರಿ, ಹೆಬ್ಬೆರಳ ತುದಿಯಷ್ಟು ಕಾಯಿ ತೂಗಾಡಿದವು. ಓಣಿಯವರೆಲ್ಲ ಬೀಗರ ಹಾಸಿಗೆಗೆಂದು ತಮ್ಮ ಮನೆಯ ಕಂಬಳಿ, ರಜಾಯಿ ತಂದು ಕೊಟ್ಟರು. ಕಾಕಾ ಬಿಟ್ಟಾರೆಯೇ? "ಬೀಗರು ಬರೂತನಕ ಸುಮ್ನ ಗಂಟು ಕಟ್ಟಿ ಇಟ್ಟರ ಏನು ಬಂತು?" ಎಂದು ಅವನ್ನೂ ಹಿತ್ತಲಿಗೆ ಹೊತ್ತರು. ಗಾರ್ಡ್ ಸಾಹೇಬರ ಹೆಂಡತಿಯ ಹೂವಿನ ರಜಾಯಿ ಹೊದ್ದ ಸಾಲು ಬೇಲಿಯಾಚೆಯಿಂದ ಸಂತೆಯ ಅಂಗಡಿಯಂತೆ ಕಾಣುತ್ತಿತ್ತು.

ಹೋಗಬೇಕಾಗಿದ್ದ ಥಂಡಿ ಹೋಗಲಿಲ್ಲ. ಹೊಸದಾಗಿ ಇನ್ನೊಂದು ಬಂತು. ಲಗ್ನಕ್ಕೆ ಇನ್ನೂ ನಾಲ್ಕು ದಿನವಿತ್ತು. ಅಂದು ಕಾಕಾ ಆಫೀಸಿನಿಂದ ಬಂದವರು ಸೈಕಲ್ಲನ್ನು ಬೇಲಿಗೆ ಒರಗಿಸಿ ನೇರ ಹಿತ್ತಲಿಗೆ ನಡೆದರು. ಉತ್ತರದ ಗಾಡಿಯ ಹಿಡಿಕೆ ಕೈ ಸುಡುವಷ್ಟು ತಣ್ಣಗಿತ್ತಂತೆ. ಎಣ್ಣೆಗೆ ಚುಚ್ಚಿದ ಕಡ್ಡಿ ಮೇಲೆಯೇ ಮುರಿಯಿತು. ಸಂಜೆಯ ಬೆಳಕಿನಲ್ಲೇ ಎಲ್ಲ ಸಾಲುಗಳಿಗೂ ಎರಡೆರಡು ಹೊದಿಕೆ ಹೊದಿಸಿ, ಇಟ್ಟಿಗೆ ಇಟ್ಟು, ಉಸ್ಸೆಂದು ಕೂತರು.

ಆಗ ಬಾಗಿಲಲ್ಲಿ ಟಾಂಗಾ ನಿಂತವು. ಒಂದಲ್ಲ, ಸಾಲಾಗಿ! ಎರಡು ಕಡೆ ಗಾಡಿ ಬದಲಿಸಬೇಕಲ್ಲ, ಎಲ್ಲಿಯಾದರೂ ತಪ್ಪಿದರೆ ಲಗ್ನವೇ ತಪ್ಪೀತು ಎಂದು ಹೆದರಿ ಬೀಗರು ನಾಲ್ಕು ದಿನ ಮೊದಲೇ ಬಂದುಬಿಟ್ಟಿದ್ದರು. ಹುಡುಗ, ಅವನ ತಂದೆ, ತಾಯಿ, ಅಜ್ಜಿ, ಸೋದರತ್ತೆಯರು, ಅವರ ಮಕ್ಕಳು. ಎಲ್ಲರ ಮೈಮೇಲೂ ಗದಗಿನ ಥಂಡಿಗೆ ಸಾಕಾಗುವ ಒಂದೊಂದು ತೆಳ್ಳನೆಯ ಹತ್ತಿ ಚಾದರ. ಅಜ್ಜಿಯ ಹಲ್ಲು ಕಟಕಟ ಎನ್ನುತ್ತಿದ್ದವು. ಹುಡುಗನ ತಾಯಿ ಪಡಸಾಲೆಯಲ್ಲಿ ಕೂತು ಸುತ್ತಲೂ ನೋಡಿ, ಯಾರಿಗೂ ಅಲ್ಲ ಎಂಬಂತೆ, "ಹೊಚ್ಚಿಕೊಳ್ಳಾಕ ಏನರ ಐತೋ ಇಲ್ಲೋ ಈ ಮನ್ಯಾಗ?" ಎಂದರು.

ಓಣಿಯ ಕಂಬಳಿಯೆಲ್ಲ ಆಗಲೇ ನಮ್ಮ ಹಿತ್ತಲಲ್ಲಿತ್ತು. ಚಿಗವ್ವ ಕಾಕಾನನ್ನು ಅಡಿಗೆ ಮನೆಗೆ ಕರೆದು ಪಿಸುಗುಟ್ಟಿದಳು: "ಹಿರಿಯಾರಿಗಷ್ಟ ತಂದು ಕೊಡ್ರಿ. ಹುಡುಗ್ರು ಜಮಖಾನಿ ಹೊಚ್ಚಿಕೊಂಡು ಮಲಗ್ತಾವ. ಅರ್ಧಾ ಗಿಡದ ಮ್ಯಾಲೆ ಇರ್ಲಿ. ನಿಮ್ಮ ಎಣ್ಣಿಗಾಯೀನರ ಉಳೀತೈತಿ." ನಿಜ ಹೇಳುತ್ತೇನೆ, ಕಾಕಾ ಅಷ್ಟನ್ನೂ ಕೊಡುತ್ತಾರೆಂದು ನನಗೆ ನಂಬಿಕೆ ಇರಲಿಲ್ಲ. ಅವರು ಹಿತ್ತಲಿಗೆ ಹೋದರು. ಇಟ್ಟಿಗೆ ಸರಿಸಿದರು. ಮೊದಲ ಸಾಲಿನ ಹೊದಿಕೆ ತೆಗೆದರು, ಎರಡನೆಯದು ತೆಗೆದರು, ಕೊನೆಯ ಸಾಲಿನದೂ ತೆಗೆದರು. ಒಂದೊಂದನ್ನೂ ಝಾಡಿಸಿ, ಎಲೆ ಕಡ್ಡಿ ಹೆಕ್ಕಿ, ಹೆಗಲ ಮೇಲೆ ಹೇರಿಕೊಂಡು ಒಳಗೆ ಬಂದು, ಅಜ್ಜಿಗೆ ಎರಡು ರಜಾಯಿ ತಾವೇ ಹೊದಿಸಿ, ಕಾಲ ಕಡೆ ಮಡಚಿಟ್ಟರು. ಸಣ್ಣ ಹುಡುಗರಿಗೂ ತಲೆಗೊಂದು ಕಂಬಳಿ ಸಿಕ್ಕಿತು. ಗಿಡಗಳಿಗೆ ಮಿಕ್ಕದ್ದು ಗೋಣಿಚೀಲ, ಹಳೆಯ ಪತ್ರಿಕೆ, ಮತ್ತೆ ಕಾಕಾನ ರೈಲ್ವೆ ಕೋಟು.

ಬೆಳಿಗ್ಗೆ ನಾನು ಎದ್ದು ಹೋದಾಗ ಕಾಕಾ ಮಡಿಯ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದರು. ಮೇಲೆ ಬರೀ ಒಂದು ಅಂಗಿ. ಸಾಲಿಗೆ ಸಾಲೇ ಕಪ್ಪಾಗಿ ಜೋತುಬಿದ್ದಿತ್ತು. ಕಾಯಿ ಮುಟ್ಟಿದರೆ ಪಿಚಕ್ಕೆನ್ನುತ್ತಿದ್ದವು. ನನಗೆ ಅಳು ತಡೆಯಲಾಗಲಿಲ್ಲ. ಆ ಗಿಡಗಳನ್ನು ಅಷ್ಟು ವರ್ಷ ಬೈದವಳು ನಾನೇ, ಅವಕ್ಕಾಗಿ ಅತ್ತವಳೂ ನಾನೇ!

"ಒಂದೆರಡು ಸಾಲಿಗರ ಕಂಬಳಿ ಬಿಡಬೇಕಿತ್ತಲ್ಲ ಕಾಕಾ," ಎಂದೆ. "ಒಂದು ದಿನದ ಥಂಡಿ, ಅವರು ತಡಕೊಂತಿದ್ರು."

ಕಾಕಾ ಒಂದು ಗಿಡ ಕಿತ್ತು, ಬೇರಿನ ಮಣ್ಣು ಝಾಡಿಸಿದರು.

"ಥಂಡಿ ಅವರು ತಡಕೊಂತಿದ್ರವ್ವಾ. ಆಮ್ಯಾಲೆ ಆ ಮನ್ಯಾಗ ಮಾತು ತಡಕೊಳ್ಳಾಕಿ ನೀ ಅಲ್ಲೇನು?"

ಮೂಗು ಒರೆಸಿಕೊಂಡು ಎದ್ದು, ಕೈ ತೊಳೆದು, ಚೀಲ ಹಿಡಿದು, ಬದನೆಕಾಯಿ ಹುಡುಕಲು ಊರೊಳಗಿನ ಮಹಾಲಿನ ಬಾಜಾರಕ್ಕೆ ಸೈಕಲ್ ಹತ್ತಿದರು.

ಲಗ್ನವಾಗಿ ಇಷ್ಟು ವರ್ಷವಾಯಿತು. ನನ್ನ ಅತ್ತೆಯ ಬಾಯಿ ಏನು ಸಣ್ಣದಲ್ಲ; ನನ್ನ ರೊಟ್ಟಿಗೆ, ನನ್ನ ನಡೆಗೆ, ನನ್ನ ಹಿಂದಿ ಬೆರೆತ ಮಾತಿಗೆ, ಎಲ್ಲದಕ್ಕೂ ಆಡಿದರು. ನನ್ನ ಲಗ್ನದ ಬಗ್ಗೆ ಮಾತ್ರ ಆ ಮನೆಯಲ್ಲಿ ಇವತ್ತಿನವರೆಗೂ ಯಾರೂ ಒಂದು ಮಾತು ಆಡಿಲ್ಲ.